ಬಳ್ಳಾರಿಯ ಮಾತು, ಆಫ್ರಿಕದ ನುಡಿ: ಡಾ. ಯು. ಪಿ. ಉಪಾಧ್ಯಾಯರ ವಿದ್ಯಾಸಾಧನೆ

ಕಳೆದ ಶ್ರಾವಣ ಮಾಸದಲ್ಲಿ ಬಳ್ಳಾರಿ ನಗರದ ಭಕ್ತರೊಬ್ಬರ ಮನೆಯಲ್ಲಿ ಪೂಜೆ ಪ್ರಸಾದಗಳು ಮುಗಿದ ತರುವಾಯ ಮನೆಯ ಯಜಮಾನರು ನಮ್ಮನ್ನೊಂದು ಪ್ರಶ್ನೆ ಕೇಳಿದರು. "ಶಾಸ್ತ್ರಿಗಳೇ, ಮಗಳ ಸಂಗಡ ಮನೆಯಲ್ಲಿ ಯಾವ ಮಾತು ಆಡಲಿ, ನೀವೇ ಹೇಳಿರಿ. ಸಾಲ್ಯಾಗ ನೀವು ಕಲಿಸಿದ ಮಾತೋ, ನಮ್ಮಜ್ಜಿ ಕಲಿಸಿದ ಮಾತೋ?" ಅವರು ನಗುತ್ತಲೇ ಕೇಳಿದರು. ನಮಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಆ ಪ್ರಶ್ನೆಯ ಹಿಂದೆ ಮೂವತ್ತು ವರ್ಷಗಳ ಹಳೆಯ ತಪ್ಪೊಂದಿತ್ತು, ಮತ್ತು ಆ ತಪ್ಪು ನಮ್ಮದೇ ಆಗಿತ್ತು.

ಆಗ ನಾವು ಸಿರುಗುಪ್ಪ ಸೀಮೆಯ ಶಾಲೆಯೊಂದರಲ್ಲಿ ಕನ್ನಡ ಸಂಸ್ಕೃತಗಳನ್ನು ಬೋಧಿಸುತ್ತಿದ್ದೆವು. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿ ಬಂದವರು. ಶುದ್ಧ ಅಶುದ್ಧಗಳ ವಿಷಯದಲ್ಲಿ ನಮಗಿದ್ದ ಬಿಗಿ ಅಷ್ಟಿಷ್ಟಲ್ಲ. ಒಂದು ದಿನ ಈ ಯಜಮಾನರು, ಅಂದು ಹನ್ನೆರಡು ವರ್ಷದ ಬಾಲಕ, ಎದ್ದು ನಿಂತು "ಅಂವ ಬಂದಾನ್ರಿ" ಎಂದರು. ಇದು ಕನ್ನಡವೇ ಅಲ್ಲವೆಂದು ನಾವು ತರಗತಿಯ ಮುಂದೆ ನಕ್ಕೆವು. ನಮ್ಮೊಂದಿಗೆ ತರಗತಿಯೂ ನಕ್ಕಿತು. ಅಂದಿನಿಂದ ಆ ಬಾಲಕನು ವರ್ಷ ಮುಗಿಯುವವರೆಗೆ ಬಾಯಿ ತೆರೆಯಲಿಲ್ಲ. ಕೊನೆಗೊಂದು ದಿನ ಅವನ ಅಜ್ಜಿ ಶಾಲೆಯ ಬಾಗಿಲಿಗೆ ಬಂದು ನಿಂತು ಒಂದೇ ಮಾತು ಕೇಳಿದರು: "ನಾ ಕಲಿಸಿದ ಮಾತು ಹೊಲಸಾತೇನ್ರಿ ಶಾಸ್ತ್ರಿಗಳ?" ಆ ತಾಯಿಗೆ ಉತ್ತರ ಕೊಡಲು ನಮ್ಮಲ್ಲಿದ್ದ ವ್ಯಾಕರಣವು ಸಾಲಲಿಲ್ಲ.

ಉತ್ತರವು ಕೆಲವು ವರ್ಷಗಳ ಮೇಲೆ ಗ್ರಂಥಾಲಯವೊಂದರಲ್ಲಿ ನಮಗೆ ದೊರೆಯಿತು. ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗವು ೧೯೭೬ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವದು. ಬಳ್ಳಾರಿ, ಗುಲಬರ್ಗಾ, ಕುಮಟಾ, ನಂಜನಗೂಡು ಈ ನಾಲ್ಕು ಎಡೆಗಳ ಆಡುಗನ್ನಡವನ್ನು ಹೋಲಿಸಿ ನೋಡಿದ ಅಧ್ಯಯನ. ಬರೆದವರು ಡಾ. ಯು. ಪದ್ಮನಾಭ ಉಪಾಧ್ಯಾಯರು. ನಾವು ನಕ್ಕ ಮಾತನ್ನು ಈ ವಿದ್ವಾಂಸರು ಶಾಸ್ತ್ರದ ವಸ್ತುವೆಂದು ಭಾವಿಸಿ ಕಿವಿಗೊಟ್ಟು ಕೇಳಿದ್ದರು. ಅದೇ ವಿದ್ವಾಂಸರು ಮುಂದೆ ಆಫ್ರಿಕ ಖಂಡದ ಭಾಷೆಗಳನ್ನು ನಮ್ಮ ದ್ರಾವಿಡ ಭಾಷೆಗಳೊಡನೆ ತೂಗಿ ನೋಡಿದವರೆಂದು ತಿಳಿದಾಗ ನಮ್ಮ ಕುತೂಹಲ ಇಮ್ಮಡಿಯಾಯಿತು. ಅವರ ವಿದ್ಯಾಜೀವನವನ್ನು ನಮ್ಮ ವಾಚಕ ಕುಟುಂಬಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಬಳ್ಳಾರಿಗೆ ಭಾಷೆಯ ಋಣ

ಭಾಷಾಶಾಸ್ತ್ರಕ್ಕೂ ಬಳ್ಳಾರಿಗೂ ಇರುವ ನಂಟು ಹಳೆಯದು. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವುಗಳಲ್ಲ, ಅವು ತಮ್ಮದೇ ಆದ ಒಂದು ಕುಲಕ್ಕೆ ಸೇರಿದವು ಎಂದು ಫ್ರಾನ್ಸಿಸ್ ವೈಟ್ ಎಲ್ಲಿಸ್ ಎಂಬ ಆಂಗ್ಲ ಅಧಿಕಾರಿ ೧೮೧೬ರಲ್ಲಿ ಆಧಾರಸಹಿತ ಬರೆದನು. ಆ ಬರಹವು ಅಚ್ಚಾದುದು ಎ. ಡಿ. ಕ್ಯಾಂಬೆಲ್ ಎಂಬವನ ತೆಲುಗು ವ್ಯಾಕರಣದ ಮುನ್ನುಡಿಯ ಭಾಗವಾಗಿ. ಈ ಕ್ಯಾಂಬೆಲ್‌ನೇ ಮುಂದೆ ಬಳ್ಳಾರಿಯ ಕಲೆಕ್ಟರನಾಗಿ ಬಂದನು. ೧೮೨೩ರಲ್ಲಿ ಅವನು ಸರಕಾರಕ್ಕೆ ಕಳುಹಿಸಿದ ವರದಿಯ ಪ್ರಕಾರ ಅಂದಿನ ಜಿಲ್ಲೆಯಲ್ಲಿದ್ದ ಶಾಲೆಗಳು ೫೩೩. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ಉಳಿದವು ಮರಾಠಿ, ಪಾರಸಿ, ಸಂಸ್ಕೃತ ಮೊದಲಾದವು. ಮಕ್ಕಳು ಓದುವ ಪುಸ್ತಕಗಳೆಲ್ಲ ಪದ್ಯರೂಪದವು, ಅವುಗಳ ಭಾಷೆ ಮನೆಯಲ್ಲಿ ಆಡುವ ಮಾತಿಗಿಂತ ತೀರ ಬೇರೆ, ಆದುದರಿಂದ ಮಕ್ಕಳು ಅರ್ಥವರಿಯದೆ ಕಂಠಪಾಠ ಮಾಡುತ್ತಾರೆ ಎಂದು ಅವನು ಆ ವರದಿಯಲ್ಲಿಯೇ ಹೇಳಿರುವನು. ಮನೆಯ ಮಾತಿಗೂ ಶಾಲೆಯ ಮಾತಿಗೂ ಇರುವ ಕಂದಕವು ಈ ಜಿಲ್ಲೆಯಲ್ಲಿ ಇನ್ನೂರು ವರ್ಷಗಳಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅದೇ ಕಾಲದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ ಎಂಬ ಪಾದ್ರಿಯು ೧೮೨೪ರಲ್ಲಿ ಇಂಗ್ಲಿಷ್-ಕನ್ನಡ, ೧೮೩೨ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟುಗಳನ್ನು ಹೊರತಂದನು. ಕಿಟ್ಟೆಲ್ ಅವರ ಮಹಾನಿಘಂಟು ಬರುವುದಕ್ಕೆ ಅರವತ್ತು ವರ್ಷಗಳ ಮುಂಚಿನ ಮಾತಿದು. ಇನ್ನು ೧೯೫೩ನೆಯ ಅಕ್ಟೋಬರ್ ೧ನ್ನು ನಮ್ಮ ಹಿರಿಯರು ಮರೆತಿರಲಾರರು. ಅಂದು ಭಾಷೆಯ ಆಧಾರದ ಮೇಲೆ ಜಿಲ್ಲೆಯು ಒಡೆದು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು. ಬೀಗರ ಮನೆ ಒಂದು ರಾಜ್ಯದಲ್ಲಿ, ತವರುಮನೆ ಇನ್ನೊಂದರಲ್ಲಿ ಆದ ಕುಟುಂಬಗಳು ಇಂದಿಗೂ ಸಿರುಗುಪ್ಪದ ಕಡೆಗೆ ಇವೆ. ಇಂತಹ ನೆಲದ ಮಾತನ್ನು ಭಾಷಾವಿಜ್ಞಾನಿಯೊಬ್ಬರು ಅಧ್ಯಯನಕ್ಕೆ ಆರಿಸಿಕೊಂಡುದು ಸಹಜವೇ ಆಗಿದೆ.

ಸಂಸ್ಕೃತದಿಂದ ಆಡುಮಾತಿಗೆ

ಉಳಿಯಾರು ಪದ್ಮನಾಭ ಉಪಾಧ್ಯಾಯರು ೧೯೩೨ರಲ್ಲಿ ಉಡುಪಿ ಸೀಮೆಯ ಕಾಪು ಬಳಿಯ ಮಜೂರಿನಲ್ಲಿ ಜನಿಸಿದರು. ಮನೆಮಾತು ತುಳು, ಪರಿಸರದ ಮಾತು ಕನ್ನಡ, ಮೊದಲ ವಿದ್ಯೆ ಸಂಸ್ಕೃತ. ಮುಂದೆ ಸಂಸ್ಕೃತ, ಕನ್ನಡ, ಭಾಷಾವಿಜ್ಞಾನ ಈ ಮೂರರಲ್ಲಿಯೂ ಸ್ನಾತಕೋತ್ತರ ಪದವಿಗಳನ್ನು ಪಡೆದು ಪುಣೆ ವಿಶ್ವವಿದ್ಯಾಲಯದ ಡಾಕ್ಟರೇಟ್ ಗಳಿಸಿದರು. ಆ ಕಾಲಕ್ಕೆ ಪುಣೆಯ ಡೆಕ್ಕನ್ ಕಾಲೇಜು ಭಾರತೀಯ ಭಾಷಾವಿಜ್ಞಾನದ ದೊಡ್ಡ ಗುರುಕುಲವಾಗಿತ್ತು. ನಂಜನಗೂಡಿನ ಕನ್ನಡವನ್ನು ಕುರಿತ ಅವರ ಗ್ರಂಥವು ೧೯೬೮ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ತರುವಾಯ ಮೈಸೂರಿನಲ್ಲಿ ಅನ್ಯಭಾಷಿಕರಿಗೆ ದಕ್ಷಿಣದ ಭಾಷೆಗಳನ್ನು ಕಲಿಸುವ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಸೇವೆ ಸಲ್ಲಿಸಿದರು. ಎನ್. ಡಿ. ಕೃಷ್ಣಮೂರ್ತಿಯವರೊಡನೆ ಅವರು ರಚಿಸಿದ ಕನ್ನಡ ಸಂಭಾಷಣೆಯ ಪಠ್ಯವು ಹೊರಗಿನವರು ಕನ್ನಡ ಕಲಿಯಲು ಬಹುಕಾಲ ನೆರವಾಯಿತು.

ಸಂಸ್ಕೃತ ಓದಿದವರಿಗೆ ಆಡುಮಾತು ಅಪಭ್ರಂಶವೆನಿಸುವುದು ಸುಲಭ. ನಮಗೆ ಹಾಗೆಯೇ ಆಗಿತ್ತು. ಆದರೆ ಪಾಣಿನಿಯ ಶಾಸ್ತ್ರವನ್ನು ಸರಿಯಾಗಿ ಓದಿದವನಿಗೆ ಬೇರೊಂದು ದಾರಿಯೂ ತೋರುತ್ತದೆ: ಜನರು ಆಡುವ ರೂಪವನ್ನು ಮೊದಲು ಗಮನಿಸಬೇಕು, ಅದರ ನಿಯಮವನ್ನು ಅನಂತರ ಹುಡುಕಬೇಕು. ಉಪಾಧ್ಯಾಯರು ಹಿಡಿದುದು ಈ ದಾರಿ. ಆ ದಾರಿಯಲ್ಲಿ ನಡೆದಾಗಲೇ ಆ ಬಾಲಕನ "ಬಂದಾನ" ಎಂಬ ರೂಪ ನಮಗೆ ಅರ್ಥವಾದುದು. ಈ ಸೀಮೆಯಲ್ಲಿ "ಬಂದ" ಎಂದರೆ ಬಂದನು. "ಬಂದಾನ" ಎಂದರೆ ಬಂದಿದ್ದಾನೆ, ಇನ್ನೂ ಇಲ್ಲಿಯೇ ಇದ್ದಾನೆ. ಹೋದ, ಹೋಗ್ಯಾನ, ತಿಂದ, ತಿಂದಾನ, ಎಲ್ಲೆಡೆಯೂ ಇದೇ ಕಟ್ಟಳೆ. ಎರಡು ಅರ್ಥಗಳನ್ನು ತಪ್ಪದೆ ಬೇರೆಯಾಗಿಡುವ ಮಾತನ್ನು ಅಶುದ್ಧವೆಂದು ಹೇಳಲು ನಾವಾರು?

ಡಕಾರ್ ನಗರದಲ್ಲಿ

ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದ ರಾಜಧಾನಿ ಡಕಾರ್. ೧೯೬೦ರಿಂದ ೧೯೮೦ರವರೆಗೆ ಆ ದೇಶದ ರಾಷ್ಟ್ರಾಧ್ಯಕ್ಷರಾಗಿದ್ದ ಲಿಯೊಪೋಲ್ಡ್ ಸೆಂಗೋರ್ ಅವರು ರಾಜಕಾರಣಿ ಹೇಗೋ ಹಾಗೆಯೇ ದೊಡ್ಡ ಕವಿಗಳು. ಕರಿಯ ಜನರ ಸಂಸ್ಕೃತಿಗೂ ದ್ರಾವಿಡರ ಸಂಸ್ಕೃತಿಗೂ ಪ್ರಾಚೀನ ಸಂಬಂಧವಿರಬೇಕೆಂಬುದು ಅವರ ದೃಢ ನಂಬಿಕೆ. ೧೯೭೪ರಲ್ಲಿ ಮದರಾಸಿಗೆ ಬಂದಾಗಲೂ ಈ ವಿಷಯವನ್ನೇ ಕುರಿತು ಉಪನ್ಯಾಸ ಮಾಡಿದರು. ಈ ನಂಬಿಕೆಯು ನಿಜವೇ ಎಂದು ಪರೀಕ್ಷಿಸಲು ಡಕಾರ್ ವಿಶ್ವವಿದ್ಯಾಲಯದಲ್ಲಿ ಇಂಡೋ-ಆಫ್ರಿಕನ್ ಅಧ್ಯಯನಕ್ಕೆ ವ್ಯವಸ್ಥೆಯಾಯಿತು. ೧೯೭೦ರ ದಶಕದಲ್ಲಿ ಡಾ. ಉಪಾಧ್ಯಾಯರೂ ಅವರ ಧರ್ಮಪತ್ನಿ ಡಾ. ಸುಶೀಲಾ ಉಪಾಧ್ಯಾಯರೂ ಅಲ್ಲಿಗೆ ಹೋಗಿ ಹಲವು ವರ್ಷ ಸಂಶೋಧನೆ ನಡೆಸಿದರು. ಸುಶೀಲಾ ಅವರು ಸ್ವತಃ ಭಾಷಾವಿಜ್ಞಾನಿ. ಕರಾವಳಿಯ ಬ್ಯಾರಿ ಮುಸಲ್ಮಾನರ ಮಾತನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದವರು. ಪತಿಪತ್ನಿಯರು ಒಂದೇ ಕಾಯಕದಲ್ಲಿ ಸಮಭಾಗಿಗಳಾಗಿ ದುಡಿದ ಈ ನಿದರ್ಶನವು ಕಾಯಕವನ್ನೇ ಪೂಜೆಯೆಂದು ನಂಬಿದ ನಮ್ಮ ಮನೆಗಳಿಗೆ ಮೆಚ್ಚುಗೆಯಾಗದೆ ಇರದು.

ಸೆನೆಗಲ್ಲಿನ ಆಡಳಿತಭಾಷೆ ಫ್ರೆಂಚ್. ಬಹುಜನರ ಬಾಯಲ್ಲಿರುವುದು ವೊಲೋಫ್ ಭಾಷೆ. ಅದರ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ಅಲ್ಲಿ ನಾಮಪದಗಳು ಹಲವು ವರ್ಗಗಳಾಗಿ ಹಂಚಿಹೋಗಿವೆ. ನಾಮಪದದ ಹಿಂದೆ ಬರುವ ನಿರ್ದೇಶಕ ಪದದ ಮೊದಲ ಅಕ್ಷರವು ಆ ವರ್ಗವನ್ನು ಸೂಚಿಸುತ್ತದೆ. ‘ನಿತ್ ಕಿ’ ಎಂದರೆ ಆ ಮನುಷ್ಯ. ‘ಗರಬ್ ಗಿ’ ಎಂದರೆ ಆ ಮರ. ಮನುಷ್ಯನಿಗೆ ‘ಕಿ’, ಮರಕ್ಕೆ ‘ಗಿ’. ನಮ್ಮಲ್ಲಿ ಹುಡುಗ ಬಂದನು, ಹುಡುಗಿ ಬಂದಳು, ಹಸು ಬಂದಿತು ಎಂದು ಕ್ರಿಯಾಪದವು ಭೇದ ತೋರಿಸುವುದಲ್ಲವೇ? ಅಲ್ಲಿ ಆ ಕೆಲಸವನ್ನು ಬೇರೊಂದು ಅಂಗವು ಮಾಡುತ್ತದೆ. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ವರ್ಗಸೂಚಕವು ಪದದ ತಲೆಯಲ್ಲಿಯೇ ಕೂಡುತ್ತದೆ: ‘ಮ್ತು’ ಎಂದರೆ ಮನುಷ್ಯ, ‘ವಾತು’ ಎಂದರೆ ಮನುಷ್ಯರು. ಇಷ್ಟೊಂದು ಸೂಕ್ಷ್ಮ ಕಟ್ಟಳೆಗಳಿರುವ ಭಾಷೆಗಳನ್ನು ಯುರೋಪಿನವರು ಬಹುಕಾಲ ಕಾಡುಜನರ ಮಾತೆಂದು ಕೀಳಾಗಿ ಕಂಡರು. ನಗುವವನು ಬದಲಾಗುತ್ತಾನೆ, ನಗೆಗೆ ಗುರಿಯಾದ ಮಾತಿನ ನೋವು ಎಲ್ಲೆಡೆಯೂ ಒಂದೇ.

ಉಪಾಧ್ಯಾಯ ದಂಪತಿಗಳು ಧ್ವನಿ, ವ್ಯಾಕರಣ, ಶಬ್ದಭಂಡಾರ, ಜನಜೀವನ ಇವುಗಳಲ್ಲಿ ತಮಗೆ ಕಂಡ ಹೋಲಿಕೆಗಳನ್ನು ಕ್ರೋಡೀಕರಿಸಿದರು. ಆ ಶ್ರಮದ ಫಲವಾದ ‘ದ್ರವಿಡಿಯನ್ ಅಂಡ್ ನೀಗ್ರೋ-ಆಫ್ರಿಕನ್’ ಎಂಬ ಗ್ರಂಥವು ೧೯೮೩ರಲ್ಲಿ ಬೆಳಕು ಕಂಡಿತು.

ಹೋಲಿಕೆ ಬೇರೆ, ನಂಟು ಬೇರೆ

ಹಾಗಾದರೆ ಕನ್ನಡವೂ ವೊಲೋಫವೂ ಒಡಹುಟ್ಟಿದವುಗಳೇ? ಈ ಪ್ರಶ್ನೆಗೆ ಸತ್ಯವನ್ನೇ ಹೇಳಬೇಕು. ವೊಲೋಫ್, ಸ್ವಾಹಿಲಿ ಮೊದಲಾದವುಗಳನ್ನು ಇಂದಿನ ಭಾಷಾವಿಜ್ಞಾನವು ನೈಜರ್-ಕಾಂಗೋ ಎಂಬ ಕುಲಕ್ಕೆ ಸೇರಿಸುತ್ತದೆ. ದ್ರಾವಿಡವು ಪ್ರತ್ಯೇಕ ಕುಲ. ಅದಕ್ಕೆ ಹೊರಗಿನ ಯಾವ ಕುಲದೊಡನೆಯೂ ರಕ್ತಸಂಬಂಧವು ಇದುವರೆಗೆ ಸಿದ್ಧವಾಗಿಲ್ಲ. ಉಪಾಧ್ಯಾಯರು ತೋರಿಸಿದ ಹೋಲಿಕೆಗಳನ್ನು ವಿದ್ವಾಂಸರು ಗಮನಿಸಿದರು. ಆದರೆ ನಂಟಿನ ವಾದವನ್ನು ವಿದ್ವಲ್ಲೋಕವು ಒಪ್ಪಲಿಲ್ಲ.

ಏಕೆ ಒಪ್ಪಲಿಲ್ಲವೆಂಬುದನ್ನು ಸಿರುಗುಪ್ಪದ ಮಕ್ಕಳು ಕೂಡ ತಿಳಿಯಬಲ್ಲರು, ಏಕೆಂದರೆ ಅವರ ಕಿವಿಗೆ ಕನ್ನಡ ತೆಲುಗುಗಳೆರಡೂ ನಿತ್ಯ ಬೀಳುತ್ತವೆ. ನಮ್ಮ ಕೆರೆ ಅವರಿಗೆ ಚೆರುವು. ನಮ್ಮ ಕಿವಿ ಅವರಿಗೆ ಚೆವಿ. ನಮ್ಮ ಕೈ ಅವರಿಗೆ ಚೆಯ್ಯಿ. ನಮ್ಮ ಹಾಲು ಅವರಿಗೆ ಪಾಲು, ಹಾವು ಪಾಮು, ಹಣ್ಣು ಪಂಡು. ನಮ್ಮ ಹಳಗನ್ನಡದಲ್ಲಿಯೂ ಈ ಹಕಾರದ ಎಡೆಯಲ್ಲಿ ಪಕಾರವೇ ಇತ್ತು. ಹೀಗೆ ಒಂದರ ಕಕಾರಕ್ಕೆ ಇನ್ನೊಂದರ ಚಕಾರ, ಒಂದರ ಹಕಾರಕ್ಕೆ ಇನ್ನೊಂದರ ಪಕಾರ, ಸಾಲುಸಾಲಾಗಿ ನಿಯಮ ತಪ್ಪದೆ ಬಂದರೆ ಅದು ಒಂದೇ ತಾಯಿಯ ಮಕ್ಕಳೆಂಬುದಕ್ಕೆ ಪ್ರಮಾಣ. ಅಲ್ಲೊಂದು ಇಲ್ಲೊಂದು ಪದ ಒಂದರಂತೆ ಇನ್ನೊಂದು ಕೇಳಿಸಿದರೆ ಅದು ಪ್ರಮಾಣವಾಗದು. ಬಳ್ಳಾರಿಯ ಉರ್ದು ಮಾತಿನಲ್ಲಿ ಪುಸ್ತಕಕ್ಕೆ ಕಿತಾಬ್ ಎನ್ನುವರು. ಸ್ವಾಹಿಲಿಯಲ್ಲಿಯೂ ‘ಕಿತಾಬು’ ಎನ್ನುವರು. ಇದರಿಂದ ಉರ್ದುವಿಗೂ ಸ್ವಾಹಿಲಿಗೂ ನಂಟೆಂದು ಹೇಳಲಾದೀತೇ? ಎರಡೂ ಅರಬ್ಬಿಯಿಂದ ಸಾಲ ತಂದಿವೆ, ಅಷ್ಟೇ. ಸಾಲ ತಂದ ಮೇಲೆ ಸ್ವಾಹಿಲಿಯು ಅದನ್ನು ತನ್ನ ವರ್ಗಕ್ಕೆ ಒಗ್ಗಿಸಿಕೊಂಡು ಬಹುವಚನದಲ್ಲಿ ‘ವಿತಾಬು’ ಎಂದಿತು!

ಜನರೂ ಧಾನ್ಯವೂ ಭಾಷೆಯೂ ಯಾವಾಗಲೂ ಒಂದೇ ಬಂಡಿಯಲ್ಲಿ ಪ್ರಯಾಣ ಮಾಡುವುದಿಲ್ಲ. ನಾವು ನಿತ್ಯ ಉಣ್ಣುವ ಜೋಳ, ಸಜ್ಜೆಗಳು ಮೂಲದಲ್ಲಿ ಆಫ್ರಿಕದ ಬೆಳೆಗಳು. ಸಾವಿರಾರು ವರ್ಷಗಳ ಹಿಂದೆಯೇ ಅವು ಭಾರತಕ್ಕೆ ಬಂದವು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ, ಬಳ್ಳಾರಿ ಬಳಿಯ ಸಂಗನಕಲ್ಲುಗಳ ಗುಡ್ಡಗಳಲ್ಲಿ ನವಶಿಲಾಯುಗದ ಜನರು ಬೇಸಾಯ ಮಾಡಿ ಬಾಳಿದ ಕುರುಹುಗಳನ್ನು ಪುರಾತತ್ತ್ವಜ್ಞರು ಅಗೆದು ತೆಗೆದಿದ್ದಾರೆ. ಧಾನ್ಯವು ಕಡಲು ದಾಟಿ ಬಂದುದರಿಂದ ಭಾಷೆಯೂ ಬಂದಿತೆನ್ನಲು ಆಧಾರವಿಲ್ಲ. ಉತ್ತರ ಕನ್ನಡದ ಸಿದ್ದಿ ಜನರ ಪೂರ್ವಜರು ಆಫ್ರಿಕದಿಂದ ಬಂದವರು. ಆದರೆ ಇಂದು ಅವರ ಬಾಯಲ್ಲಿರುವುದು ಕೊಂಕಣಿ ಕನ್ನಡಗಳು. ಜನ ಬಂದರು, ಭಾಷೆ ಉಳಿಯಲಿಲ್ಲ.

ಈ ವಿವರಗಳನ್ನು ನಾವು ಬೇಕೆಂದೇ ವಿಸ್ತರಿಸಿದ್ದೇವೆ. ನಮ್ಮ ಭಾಷೆಯೇ ಜಗತ್ತಿನ ಭಾಷೆಗಳಿಗೆಲ್ಲ ಮೂಲ, ನಮ್ಮ ಕುಲವೇ ಎಲ್ಲ ಕುಲಗಳಿಗೂ ಹಿರಿದು ಎಂದು ಸಾರುವ ಬರಹಗಳು ಎಲ್ಲ ಸಮಾಜಗಳಲ್ಲಿಯೂ ಹುಟ್ಟುತ್ತವೆ, ನಮ್ಮಲ್ಲಿಯೂ ಹುಟ್ಟಿವೆ. ಕೇಳಲು ಹಿತವಾದ ಮಾತ್ರಕ್ಕೆ ಒಂದು ಮಾತು ಸತ್ಯವಾಗದು. ವರ್ಷಗಟ್ಟಲೆ ದೂರದೇಶದಲ್ಲಿದ್ದು ದುಡಿದ ಪ್ರಾಮಾಣಿಕ ವಿದ್ವಾಂಸರ ವಾದವನ್ನೇ ಲೋಕವು ಒರೆಗೆ ಹಚ್ಚಿ ನೋಡಿತೆಂದ ಮೇಲೆ, ಕುಳಿತಲ್ಲಿಯೇ ಕಟ್ಟಿದ ಹೆಮ್ಮೆಯ ಕಥೆಗಳಿಗೆ ಏನು ಬೆಲೆ?

ಮರಳಿ ಮನೆಮಾತಿಗೆ

ಅಂಗೀಕೃತವಾಗದ ವಾದವೊಂದರಿಂದ ವಿದ್ವಾಂಸನ ಬಾಳು ವ್ಯರ್ಥವಾಗುವುದೇ? ಉಪಾಧ್ಯಾಯರ ಜೀವನದ ಉತ್ತರಾರ್ಧವು ಇದಕ್ಕೆ ಸಮರ್ಪಕ ಉತ್ತರವಾಗಿದೆ. ಉಡುಪಿಯ ಎಂ. ಜಿ. ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು ಪ್ರೊ. ಕು. ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ ತುಳು ನಿಘಂಟಿನ ಯೋಜನೆಯನ್ನು ಕೈಗೊಂಡಾಗ ಅದರ ಪ್ರಧಾನ ಸಂಪಾದಕತ್ವವು ಉಪಾಧ್ಯಾಯರ ಹೆಗಲಿಗೇರಿತು. ಲಿಖಿತ ಗ್ರಂಥಗಳು ವಿರಳವಾದ ಭಾಷೆಗೆ ನಿಘಂಟು ಕಟ್ಟುವುದು ಸಾಮಾನ್ಯ ಕೆಲಸವಲ್ಲ. ಊರೂರಿನ, ಬೇರೆ ಬೇರೆ ಜಾತಿ ಕಸುಬುಗಳ ಜನರ ಬಾಯಿಂದ, ಪಾಡ್ದನಗಳೆಂಬ ಜನಪದ ಹಾಡುಗಳಿಂದ ಶಬ್ದಗಳನ್ನು ಆಯ್ದು ತರಬೇಕಾಯಿತು. ಹೀಗೆ ಸಿದ್ಧವಾದ ತುಳು ನಿಘಂಟು ೧೯೮೮ರಿಂದ ೧೯೯೭ರ ಅವಧಿಯಲ್ಲಿ ಆರು ಸಂಪುಟಗಳಾಗಿ ಪ್ರಕಟವಾಯಿತು. ಬಳ್ಳಾರಿಯ ಮಾತಿಗೆ ಕಿವಿಗೊಟ್ಟು, ಆಫ್ರಿಕದ ನುಡಿಗಳಲ್ಲಿ ಪಳಗಿದ ವಿದ್ಯೆಯು ಕೊನೆಗೆ ತಾಯಿಯ ನುಡಿಗೆ ಭಂಡಾರವಾಯಿತು. ೨೦೨೦ರ ಜುಲೈ ತಿಂಗಳಲ್ಲಿ ತಮ್ಮ ೮೮ನೆಯ ವಯಸ್ಸಿನಲ್ಲಿ ಅವರು ಇಹಲೋಕವನ್ನು ಬಿಟ್ಟರು.

ಕರಾವಳಿಗೂ ಆಫ್ರಿಕಕ್ಕೂ ಇಂತಹ ಸೇತುವೆ ಹಿಂದೆಯೂ ಒಂದಿತ್ತು. ಕಿಟ್ಟೆಲ್ ಅವರನ್ನು ಕನ್ನಡ ನಾಡಿಗೆ ಕಳುಹಿಸಿದ ಬಾಸೆಲ್ ಮಿಷನ್ನೇ ಕ್ರಿಸ್ಟಾಲರ್ ಎಂಬವರನ್ನು ಇಂದಿನ ಘಾನಾ ದೇಶಕ್ಕೆ ಕಳುಹಿಸಿತ್ತು. ಅಲ್ಲಿಯ ಟ್ವಿ ಭಾಷೆಗೆ ಅವರು ೧೮೮೧ರಲ್ಲಿ ನಿಘಂಟು ಕೊಟ್ಟರು. ೧೮೯೪ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು ಬಂದಿತು. ಅವರ ಉದ್ದೇಶ ಮತಪ್ರಚಾರವೇ ಆಗಿದ್ದರೂ ಜನರ ಮಾತನ್ನು ಕಲಿಯದೆ ಜನರ ಹೃದಯವನ್ನು ಮುಟ್ಟಲಾಗದೆಂಬುದನ್ನು ಅವರು ಅರಿತಿದ್ದರು.

ಈ ಅರಿವು ನಮ್ಮ ಶರಣರಿಗೆ ಹನ್ನೆರಡನೆಯ ಶತಮಾನದಲ್ಲಿಯೇ ಇತ್ತು. ಅನುಭಾವದ ಮಾತನ್ನು ಅವರು ಆಡಿದುದು ದೇವಭಾಷೆಯಲ್ಲಲ್ಲ, ಒಕ್ಕಲಿಗ, ಅಂಬಿಗ, ಮಡಿವಾಳರ ಮನೆಯ ಕನ್ನಡದಲ್ಲಿ. ಮುಂದೆ ಪಾಲ್ಕುರಿಕೆ ಸೋಮನಾಥನು ಬಸವಪುರಾಣವನ್ನು ತೆಲುಗಿನಲ್ಲಿ ಬರೆದನು. ಭೀಮಕವಿಯು ೧೩೬೯ರಲ್ಲಿ ಅದನ್ನು ಕನ್ನಡಕ್ಕೆ ತಂದನು. ಬಸವಣ್ಣನವರ ಚರಿತ್ರೆಯೇ ತೆಲುಗಿನ ಅಂಗಳವನ್ನು ಹಾದು ಕನ್ನಡಕ್ಕೆ ಬಂದಿರುವಾಗ ಎರಡು ನುಡಿಗಳ ಗಡಿಯಲ್ಲಿರುವ ನಾವು ಯಾವ ನುಡಿಯನ್ನು ಹೀಗಳೆಯಬೇಕು?

ಮನೆಗಳಲ್ಲಿ ಆಗಬೇಕಾದುದು

ಉಪಾಧ್ಯಾಯರ ಗ್ರಂಥವನ್ನು ಓದಿದ ಮೇಲೆ ನಾವೊಂದು ಪ್ರಾಯಶ್ಚಿತ್ತವನ್ನು ಕೈಗೊಂಡೆವು. ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಹೋದಾಗಲೆಲ್ಲ ಜಾತ್ರೆಗೋ ಹರಕೆಗೋ ಬಂದ ಹಿರಿಯರ ಬಳಿ ಕುಳಿತು ಅವರ ಮಾತುಗಳನ್ನು ಬರೆದುಕೊಳ್ಳತೊಡಗಿದೆವು. ರಂಟೆ, ಕುಂಟೆ, ಕೂರಿಗೆ, ಮಿಣಿ, ಬಾರುಕೋಲು ಇವು ಮೊದಲ ಪುಟದ ಮಾತುಗಳು. ಹಗೇವಿನ ವಿಷಯ ಕೇಳಿದಾಗ ಒಬ್ಬ ಹಿರಿಯರು ನೆಲದೊಳಗಿನ ಆ ಜೋಳದ ಕಣಜವನ್ನು ತೆರೆಯುವ ಬಗೆಯನ್ನು ಅರ್ಧ ಗಂಟೆ ಬಣ್ಣಿಸಿದರು; ಪಕ್ಕದಲ್ಲಿದ್ದ ಮೊಮ್ಮಗನು ಆ ಪದವನ್ನೇ ಕೇಳಿರಲಿಲ್ಲ. ಹಗೇವು ಹೋಯಿತು, ಹೋಗಲಿ, ಅದು ಕಾಲಧರ್ಮ. ಆದರೆ ಪದವೊಂದು ಹೋದಾಗ ಅದರೊಡನೆ ಒಂದು ತಲೆಮಾರಿನ ಅರಿವೂ ಹೋಗುತ್ತದೆ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳು ಶಾಲೆಯ ಕನ್ನಡವನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ. ಅದು ಅನ್ನದ ವಿದ್ಯೆ. ಅದಕ್ಕಾಗಿ ಅಜ್ಜಿಯ ಮಾತನ್ನು ನಾಚಿಕೆಯ ವಸ್ತುವಾಗಿಸಬೇಡಿರಿ. ರಜೆಯ ದಿನಗಳಲ್ಲಿ ಒಂದು ನೋಟುಪುಸ್ತಕ ಕೊಟ್ಟು ಅಡುಗೆಮನೆಯ, ಹೊಲದ, ಹಬ್ಬದ ಹತ್ತು ಪದಗಳನ್ನು ಹಿರಿಯರಿಂದ ಕೇಳಿ ಬರೆಯಲು ಹಚ್ಚಿರಿ. ಭಾಷೆಯಲ್ಲಿ ಒಲವು ತೋರುವ ಮಗುವಿಗೆ ಭಾಷಾವಿಜ್ಞಾನವೆಂಬ ವಿದ್ಯೆಯೊಂದಿದೆ, ಅದು ಉಡುಪಿ ಸೀಮೆಯ ಒಂದು ಹಳ್ಳಿಯ ಮಗನನ್ನು ಡಕಾರಿನವರೆಗೆ ಕರೆದೊಯ್ದಿತೆಂದು ತಿಳಿಸಿರಿ.

ಆ ಅಜ್ಜಿ ಲಿಂಗೈಕ್ಯರಾಗಿ ಬಹು ವರ್ಷಗಳಾದವು. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಅಂದು ಬಳ್ಳಾರಿಯಲ್ಲಿ ಅವರ ಮೊಮ್ಮಗನಿಗೆ ಕೊಟ್ಟೆವು: "ನಿಮ್ಮಜ್ಜಿಯ ಮಾತನ್ನೇ ಆಡಿರಿ. ಅದರಲ್ಲಿ ತಪ್ಪಿರಲಿಲ್ಲ. ತಪ್ಪು ನಮ್ಮ ಕಿವಿಯಲ್ಲಿತ್ತು." ಅವರು ಕ್ಷಣಕಾಲ ಸುಮ್ಮನಿದ್ದು ಒಳಗಿನ ಕೋಣೆಯತ್ತ ತಿರುಗಿ ಮಗಳನ್ನು ಕೂಗಿದರು: "ಬಾರವ್ವಾ ಇಲ್ಲಿ, ನಮ್ಮ ಶಾಸ್ತ್ರಿಗಳು ಬಂದಾರ, ನಮಸ್ಕಾರ ಮಾಡು."